ಕಳೆದುಹೋದ ಡಾಕ್ಟರ್ ಹೂ ಕಂತುಗಳು: ಟೆಲಿಸ್ನ್ಯಾಪ್, ಅನಿಮೇಷನ್, ಬರೀ ಧ್ವನಿ – ದುಡ್ಡು ಯಾವುದಕ್ಕೆ ಹಾಕಬೇಕು?

ಡಾಕ್ಟರ್ ಹೂ ಎಂದರೆ ಆಗಾಗ ರೂಪ ಬದಲಿಸುವ ‘ಡಾಕ್ಟರ್’ ಎಂಬ ನಾಯಕನ ಸುತ್ತ ಹೆಣೆದ, ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ. ಅದರ 1967ರ ‘ದ ಮ್ಯಾಕ್ರಾ ಟೆರರ್’ ಕಥೆಯ ನಾಲ್ಕು ಕಂತುಗಳಲ್ಲಿ ಒಂದೂ ಉಳಿದಿಲ್ಲ. ಆದರೂ ಅದನ್ನು ನೋಡುವುದಕ್ಕೆ ಮೂರು ದಾರಿಗಳಿವೆ: 2019ರ ಅನಿಮೇಷನ್, ಟೆಲಿಸ್ನ್ಯಾಪ್ ಚಿತ್ರಗಳನ್ನು ಮೂಲ ಧ್ವನಿಗೆ ಜೋಡಿಸಿದ ಮರುಜೋಡಣೆ, ಮತ್ತು ನಿರೂಪಣೆ ಸೇರಿಸಿದ ಬರೀ ಧ್ವನಿಮುದ್ರಣ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ನನ್ನ ಓಟು ಟೆಲಿಸ್ನ್ಯಾಪ್‌ಗೆ, ಅದನ್ನು ಮುಚ್ಚಿಡುವುದಿಲ್ಲ.

ಹೊಸಬರಿಗೆ ನಾಲ್ಕು ಮಾತು. ಬಿಬಿಸಿ ಎರಡಿಂಚು ಅಗಲದ ವಿಡಿಯೋ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಹೊರದೇಶಗಳಿಗೆ ಮಾರಲೆಂದು ಮಾಡಿದ್ದ 16 ಎಂಎಂ ಫಿಲ್ಮ್ ಪ್ರತಿಗಳನ್ನೂ 70ರ ದಶಕದಲ್ಲಿ ಕಸಕ್ಕೆ ಹಾಕಿತು. 1992ರಲ್ಲಿ ಹಾಂಗ್‌ಕಾಂಗ್‌ನಿಂದ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಇಡಿಯಾಗಿ ಬಂತು. 2013ರಲ್ಲಿ ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಿಂದ ಒಂಬತ್ತು ಕಂತು ಸಿಕ್ಕಿದ ಮೇಲೂ 97 ಬಾಕಿ ಉಳಿದವು. ಆ 97ರ ಧ್ವನಿಯಾದರೂ ಉಳಿದಿದೆ. ಪ್ರಸಾರದ ಹೊತ್ತಿಗೆ ಮನೆಯಲ್ಲಿ ರೀಲ್ ಟೇಪಿಗೆ ಹಿಡಿದಿಟ್ಟ ಹುಡುಗರ ಪುಣ್ಯ ಅದು. ಟೆಲಿಸ್ನ್ಯಾಪ್ ಎಂದರೆ ಜಾನ್ ಕ್ಯುರಾ ಎಂಬ ಛಾಯಾಗ್ರಾಹಕರು ಪ್ರಸಾರ ನಡೆಯುತ್ತಿರುವಾಗಲೇ ಟಿವಿ ಪರದೆಯಿಂದ ತೆಗೆದ ಸ್ಥಿರಚಿತ್ರ. ಕಂತಿಗೆ ಸುಮಾರು 60–70 ಚಿತ್ರ, ಅಂದರೆ ಹೆಚ್ಚುಕಮ್ಮಿ 20–25 ಸೆಕೆಂಡಿಗೊಂದು.

ಅನಿಮೇಷನ್‌ನಿಂದ ಶುರು ಮಾಡೋಣ. ಬಣ್ಣದಲ್ಲೂ ಇದೆ, ಕಪ್ಪುಬಿಳುಪಿನಲ್ಲೂ ಇದೆ, ಧ್ವನಿ ಶುದ್ಧವಾಗಿದೆ. ಮನೆಯ ಮಕ್ಕಳನ್ನು ಕೂರಿಸಬೇಕೆಂದರೆ ಬೇರೆ ದಾರಿಯೇ ಇಲ್ಲ. ಆದರೆ ಅದು 1967ರಲ್ಲಿ ಜನ ನೋಡಿದ್ದಲ್ಲ. ಮೂಲದ ಚೌಕಾಕಾರದ ಚಿತ್ರ ಇಲ್ಲಿ ಅಗಲ ಪರದೆಗೆ ಹಿಗ್ಗಿದೆ. ಅಂದು ಸ್ಟುಡಿಯೋದಲ್ಲಿದ್ದದ್ದು ಒಂದೇ ಒಂದು ಮ್ಯಾಕ್ರಾ, ಅಂದರೆ ಕಥೆಯ ದೈತ್ಯ ಏಡಿ. ಅದನ್ನೇ ಕತ್ತಲಲ್ಲಿ, ಹೊಗೆಯಲ್ಲಿ, ಬೇರೆಬೇರೆ ಕೋನದಲ್ಲಿ ತೋರಿಸಿ ಕೆಲಸ ಸಾಗಿಸಿದ್ದರು. ಅನಿಮೇಷನ್‌ನಲ್ಲಿ ಏಡಿಗಳು ಹಿಂಡುಗಟ್ಟಿ ಬರುತ್ತವೆ. ಮೊದಲ ಕಂತಿನಲ್ಲಿ ಡಾಕ್ಟರನ್ನು ಯಂತ್ರವೊಂದು ಇಸ್ತ್ರಿ ಹಾಕಿದಂತೆ ಟಾಕುಟೀಕು ಮಾಡುತ್ತದೆ, ಅದು ಸೇರದೆ ಅವರು ಇನ್ನೊಂದು ಯಂತ್ರಕ್ಕೆ ನುಗ್ಗಿ ಮತ್ತೆ ಕೆದರಿದ ತಲೆಯಲ್ಲಿ ಹೊರಬರುತ್ತಾರೆ. ಪ್ಯಾಟ್ರಿಕ್ ಟ್ರೌಟನ್ ನಟಿಸಿದ ಡಾಕ್ಟರ್ ಎಂಥವರು ಎಂದು ತೋರಿಸುವ ಆ ತಮಾಷೆಯನ್ನೇ ಅನಿಮೇಷನ್ ಕೈಬಿಟ್ಟಿದೆ. ಟೆಲಿಸ್ನ್ಯಾಪ್ ರೂಪದಲ್ಲಿ ಅದು ಇದೆ. ನನ್ನ ಮಟ್ಟಿಗೆ ತೀರ್ಮಾನ ಅಲ್ಲೇ ಆಗಿಹೋಯಿತು.

ಟೆಲಿಸ್ನ್ಯಾಪ್‌ನಲ್ಲಿ ತೊಂದರೆ ಇಲ್ಲವೆಂದಲ್ಲ. ಮಾತಿನ ದೃಶ್ಯದಲ್ಲಿ ಐದು ನಿಮಿಷಕ್ಕೆ ಕಣ್ಣು ಒಗ್ಗುತ್ತದೆ. ಮಾತಿಲ್ಲದ ಓಡಾಟ, ಹೊಡೆದಾಟ ಬಂದಾಗ ಕೆಳಗೆ ಓಡುವ ವಿವರಣೆಯ ಸಾಲೇ ಗತಿ. ಅದನ್ನು ಸಹಿಸಬಹುದು. ನಿಜವಾದ ತಲೆನೋವು ಧ್ವನಿ ಹೊಂದಿಸುವುದು.

‘ಮ್ಯಾಕ್ರಾ’ ಡಿಸ್ಕ್‌ನಲ್ಲಿ ಟೆಲಿಸ್ನ್ಯಾಪ್ ರೂಪವೂ ಇರುವುದರಿಂದ ಅಲ್ಲಿ ಈ ಗೋಳಿಲ್ಲ. ‘ದ ಸ್ಮಗ್ಲರ್ಸ್’, ‘ದ ಹೈಲ್ಯಾಂಡರ್ಸ್’ ತರಹದ ಕಥೆಗಳಿಗೆ ಹೋದರೆ ಅಭಿಮಾನಿಗಳ ಮರುಜೋಡಣೆಯನ್ನು ನೆಚ್ಚಬೇಕಾಗುತ್ತದೆ. ಅವುಗಳ ಮೂಲ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಕಾಲದ್ದು, ಧ್ವನಿಯಲ್ಲಿ ಸುಯ್ ಎನ್ನುವ ಗದ್ದಲ. ಕೊಂಡ ಸಿಡಿಯಲ್ಲಿ ಅದೇ ಕಂತಿನ ಶುಚಿ ಮಾಡಿದ ಧ್ವನಿ ಇರುತ್ತದೆ. ಚಿತ್ರ ಅದರದ್ದು, ಧ್ವನಿ ಇದರದ್ದು ಇಟ್ಟುಕೊಳ್ಳೋಣ ಎಂದು ಹೊರಟರೆ ಶುರುವಿನಲ್ಲಿ ಸರಿಯಾಗಿ ಕೂತದ್ದು ಹತ್ತನೇ ನಿಮಿಷಕ್ಕೆ ಜಾರಿರುತ್ತದೆ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ಜೆ, ಕೆ ಕೀಲಿ ಒತ್ತಿದರೆ ಧ್ವನಿ 50 ಮಿಲಿಸೆಕೆಂಡಿನಷ್ಟು ಹಿಂದೆಮುಂದೆ ಸರಿಯುತ್ತದೆ, ನಿಜ. ಆದರೆ ಅದು ಇಡೀ ಕಂತಿಗೆ ಒಂದೇ ಅಂತರ ಹಾಕುತ್ತದೆ. ಹೋಗ್ತಾ ಹೋಗ್ತಾ ಬೆಳೆಯುವ ಅಂತರಕ್ಕೆ ಅದು ಮದ್ದಲ್ಲ.

ಮೊದಲು ರೋಗ ಯಾವುದೆಂದು ಗೊತ್ತಾಗಬೇಕು. ಆರಂಭದ ಶೀರ್ಷಿಕೆ ಸಂಗೀತ ಮತ್ತು ಕೊನೆಯ ಸಂಗೀತ ಶುರುವಾಗುವ ಕ್ಷಣಗಳನ್ನು ಎರಡೂ ಫೈಲಿನಲ್ಲಿ ಗುರುತು ಹಾಕಿಕೊಳ್ಳಿ. ಒಂದು ಇಡೀ ನಿಮಿಷದಷ್ಟು ವ್ಯತ್ಯಾಸ ಬಂದರೆ ದೋಷ ಟೇಪಿನದಲ್ಲ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋವನ್ನು ಯಾರೋ 24ಕ್ಕೆ ಇಳಿಸಿದ್ದಾರೆ; 25 ನಿಮಿಷದ ಕಂತು 26 ನಿಮಿಷ ಓಡುತ್ತಿದೆ. ಚಿತ್ರವನ್ನೇ 25ಕ್ಕೆ ಏರಿಸಿ, ಧ್ವನಿ ಮುಟ್ಟಬೇಡಿ. ವ್ಯತ್ಯಾಸ ಎರಡು ಮೂರು ಸೆಕೆಂಡಿನದಾದರೆ ಅದು ರೀಲ್ ಟೇಪಿನ ವೇಗದ ಆಟ. ಉದಾಹರಣೆಗೆ 20ನೇ ನಿಮಿಷದಲ್ಲಿ ಬರಬೇಕಾದ ಸದ್ದು ಸಿಡಿಯಲ್ಲಿ 20 ನಿಮಿಷ 3 ಸೆಕೆಂಡಿಗೆ ಬಂತೆನ್ನಿ. 1203ನ್ನು 1200ರಿಂದ ಭಾಗಿಸಿ: 1.0025. ಅಂದರೆ ಧ್ವನಿಯ ವೇಗವನ್ನು ಶೇ 0.25ರಷ್ಟು ಹೆಚ್ಚಿಸಬೇಕು. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್’ ಎಂಬುದನ್ನೇ ಬಳಸಿ, ‘ಚೇಂಜ್ ಟೆಂಪೋ’ ಅಲ್ಲ. ಟೇಪು ನಿಧಾನವಾದಾಗ ಶ್ರುತಿಯೂ ಇಳಿದಿರುತ್ತದೆ, ಎರಡನ್ನೂ ಒಟ್ಟಿಗೆ ಏರಿಸಬೇಕು.

ಅಂತರ ಮೆಲ್ಲಗೆ ಬೆಳೆಯದೆ ನಡುವೆ ಎಲ್ಲೋ ಧುತ್ತೆಂದು ಹಾರಿದರೆ ಒಂದು ಕಡೆ ತುಂಡು ಕತ್ತರಿಸಿದ್ದಾರೆ, ಇಲ್ಲವೇ ನಿರೂಪಣೆಗೆ ಜಾಗ ಮಾಡಲು ಹಿಗ್ಗಿಸಿದ್ದಾರೆ. ಆಗ ದೃಶ್ಯ ಬದಲಾಗುವಲ್ಲಿ ಕತ್ತರಿಸಿ ತುಂಡುತುಂಡಾಗಿ ಕೂರಿಸುವುದೊಂದೇ ದಾರಿ. ಇಲ್ಲಿ ನೆರವಿಗೆ ಬರುವುದು ಸೆನ್ಸಾರ್ ತುಣುಕುಗಳು. ಮಕ್ಕಳಿಗೆ ಭಯವಾಗುತ್ತದೆಂದು ಆಸ್ಟ್ರೇಲಿಯಾದ ಸೆನ್ಸಾರಿನವರು ಕತ್ತರಿಸಿದ ಫಿಲ್ಮ್ ಚೂರುಗಳು 1996ರಲ್ಲಿ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಕ್ಕವು. ತೋರಿಸಬಾರದೆಂದು ಕಿತ್ತದ್ದೇ ಉಳಿಯಿತು, ತೋರಿಸಿದ್ದೆಲ್ಲ ಹೋಯಿತು! ಆ ತುಣುಕುಗಳಲ್ಲಿ ಬಾಯಿ ಆಡುವುದು ಕಾಣುವುದರಿಂದ ಧ್ವನಿಯನ್ನು ಫ್ರೇಮಿಗೆ ಸರಿಯಾಗಿ ಕೂರಿಸಬಹುದು.

ಬರೀ ಧ್ವನಿ: ಅಗ್ಗ, ಬಸ್ಸಿನಲ್ಲಿ ಕೇಳಬಹುದು. ಆನೆಕಿ ವಿಲ್ಸ್, ಫ್ರೇಜರ್ ಹೈನ್ಸ್ ತರಹ ಅದೇ ಕಥೆಯಲ್ಲಿ ನಟಿಸಿದವರೇ ನಿರೂಪಿಸಿದರೆ ಕೇಳಲು ಸೊಗಸು. ಆದರೆ ಮೆಲ್ಲಗೆ ಆಡಿದ ಇಂಗ್ಲಿಷ್ ಅರ್ಧ ಬಸ್ಸಿನ ಸದ್ದಿಗೆ ಹೋಗುತ್ತದೆ.

ಇನ್ನು ವಿವರ ಖಾತ್ರಿ ಮಾಡಿಕೊಳ್ಳುವ ಕೆಲಸ. ಇಲ್ಲಿ ಅನಿಮೇಷನ್ ಸಾಕ್ಷಿಯೇ ಅಲ್ಲ. ‘ಏಡಿಗಳು ಎಷ್ಟಿದ್ದವು’ ಎಂಬ ಕ್ವಿಜ್ ಪ್ರಶ್ನೆಗೆ ಅದನ್ನು ನೋಡಿ ಉತ್ತರ ಕೊಟ್ಟರೆ ಕೆಟ್ಟಿರಿ. ಪ್ರಸಾರದ ದಿನಾಂಕಕ್ಕೆ ಬಿಬಿಸಿ ಜೀನೋಮ್ ಎಂಬ ಜಾಲತಾಣ ಒಳ್ಳೆಯದು, ರೇಡಿಯೋ ಟೈಮ್ಸ್ ಪತ್ರಿಕೆಯ ಕಾರ್ಯಕ್ರಮ ಪಟ್ಟಿ ಹುಡುಕಲು ಸಿಗುತ್ತದೆ. ಆದರೆ ಅದು ಪ್ರಸಾರಕ್ಕೆ ಮೊದಲೇ ಅಚ್ಚಾದ ಯೋಜನೆ; ಕೊನೆ ಗಳಿಗೆಯ ಬದಲಾವಣೆ ಅದರಲ್ಲಿರುವುದಿಲ್ಲ. 1963ರ ನವೆಂಬರ್ 23ರ ಮೊದಲ ಕಂತು ಕೆನಡಿ ಹತ್ಯೆಯ ಸುದ್ದಿಯಿಂದ ಹತ್ತು ನಿಮಿಷ ತಡವಾಯಿತು ಎಂಬ ಮಾತು ಈಗಲೂ ಓಡಾಡುತ್ತದೆ. ತಡವಾದದ್ದು 80 ಸೆಕೆಂಡು. ಹಾಗೆಯೇ ‘ದ ಟೆಂತ್ ಪ್ಲಾನೆಟ್’ನ ನಾಲ್ಕನೇ ಕಂತನ್ನು ಬಿಬಿಸಿಯದೇ ಮಕ್ಕಳ ಕಾರ್ಯಕ್ರಮ ಬ್ಲೂ ಪೀಟರ್‌ನವರು ಎರವಲು ಪಡೆದು ಕಳೆದರು ಎಂಬ ಕಥೆ. ಅವರು ತೆಗೆದುಕೊಂಡು ಹೋಗಿ ವಾಪಸು ಬಾರದ್ದು ‘ದ ಡಾಲೆಕ್ಸ್ ಮಾಸ್ಟರ್ ಪ್ಲಾನ್’ನ ನಾಲ್ಕನೇ ಕಂತು. ‘ಟೆಂತ್ ಪ್ಲಾನೆಟ್’ನಲ್ಲಿ ಡಾಕ್ಟರ್ ರೂಪ ಬದಲಿಸುವ ತುಣುಕು ಇವತ್ತು ನಮಗೆ ಉಳಿದಿರುವುದೇ ಬ್ಲೂ ಪೀಟರ್ ಅದನ್ನು ತೋರಿಸಿದ್ದರಿಂದ.

ಖರ್ಚಿನ ಲೆಕ್ಕ. ಡಿವಿಡಿಗಳಿಗೆ ದೇಶಕ್ಕೆ ತಕ್ಕ ಪ್ರದೇಶ ಸಂಖ್ಯೆ (ರೀಜನ್ ಕೋಡ್) ಇರುತ್ತದೆ: ಇಂಗ್ಲೆಂಡಿನದು ಪ್ರದೇಶ 2, ನಮ್ಮದು ಪ್ರದೇಶ 5. ಕಂಪ್ಯೂಟರ್ ಡ್ರೈವಿನಲ್ಲಿ ಪ್ರದೇಶವನ್ನು ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಬೀಗ. ಹಾಗಾಗಿ ಹಳೆಯ ಡ್ರೈವೊಂದನ್ನು ಖಾಯಂ 2ಕ್ಕೆ ಬಿಟ್ಟುಬಿಡಿ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಕಂತು ನೋಡುವ ನನ್ನಂಥವರಿಗೆ ಟೆಲಿಸ್ನ್ಯಾಪ್ ರೂಪವೂ ಇರುವ ಡಿಸ್ಕ್‌ ಒಂದೇ ಸಾಕು; ಅನಿಮೇಷನ್ ಅದರ ಜೊತೆ ಬರುವ ಕೊಸರು. ಟೆಲಿಸ್ನ್ಯಾಪ್ ಇಲ್ಲದ ಅನಿಮೇಷನ್ ಡಿಸ್ಕ್‌ಗೆ ಪೂರ್ತಿ ಬೆಲೆ ಕೊಡಲು ನನಗೆ ಮನಸ್ಸಿಲ್ಲ.

ನನ್ನ ಆಯ್ಕೆ ಕೈಕೊಡುವ ಜಾಗಗಳೂ ಇವೆ. ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ 1964ರ ‘ಮಾರ್ಕೋ ಪೋಲೋ’ದ ಏಳರಲ್ಲಿ ಆರು ಕಂತುಗಳನ್ನು ನಿರ್ದೇಶಿಸಿದರು. ಆ ಆರರ ಟೆಲಿಸ್ನ್ಯಾಪ್‌ಗಳು ಸಿಕ್ಕಿದ್ದು ಅವರೇ ಇಟ್ಟುಕೊಂಡಿದ್ದರಿಂದ. ನಾಲ್ಕನೆಯದು ಬೇರೆಯವರ ನಿರ್ದೇಶನ, ಅದರ ಚಿತ್ರಗಳಿಲ್ಲ. 1966ರ ‘ದ ಮ್ಯಾಸಕರ್’ಗಂತೂ ಒಂದು ಕಂತಿನದ್ದೂ ಇಲ್ಲ, ಆಗಿನ ನಿರ್ಮಾಪಕರು ಕ್ಯುರಾ ಅವರಿಂದ ಚಿತ್ರ ತರಿಸುತ್ತಿರಲಿಲ್ಲ. ಅದಕ್ಕೆ ಸೀದಾ ಧ್ವನಿಮುದ್ರಣವನ್ನೇ ಕೊಳ್ಳಿ, ಪೀಟರ್ ಪರ್ವ್ಸ್ ನಿರೂಪಣೆಯದ್ದು.