ರಕ್ತ ಕಡಿಮೆ ಅಂತ ಐರನ್ ಡ್ರಿಪ್ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ, ಮೊದಲು ಇದನ್ನು ಓದಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 'ರಕ್ತಹೀನತೆ ಸ್ಪೆಷಲಿಸ್ಟ್' ಅಂತ ದೊಡ್ಡ ಬೋರ್ಡ್ ಹಾಕಿಕೊಂಡ ಕ್ಲಿನಿಕ್ ಅದು. ದೂರು ಕೊಟ್ಟಿದ್ದೇನೆ, ಹಾಗಾಗಿ ಹೆಸರು ಬರೆಯುವುದಿಲ್ಲ.

ನನ್ನ ತಂಗಿಗೆ ಚಿಕ್ಕಂದಿನಿಂದಲೂ ಹಿಮೋಗ್ಲೋಬಿನ್ 10ರ ಆಸುಪಾಸಿನಲ್ಲೇ. ಸರ್ಕಾರಿ ಐರನ್ ಮಾತ್ರೆ, ನುಗ್ಗೆಸೊಪ್ಪು, ಖರ್ಜೂರ, ಬೀಟ್‌ರೂಟ್ ಎಲ್ಲ ಆಯಿತು, ಏರಲಿಲ್ಲ. ಮದುವೆ ಗೊತ್ತಾಗಿದೆ, ಒಮ್ಮೆ ಸ್ಪೆಷಲಿಸ್ಟಿಗೇ ತೋರಿಸೋಣ ಅಂತ ಕರೆದುಕೊಂಡು ಹೋದೆ. ಅಲ್ಲೇ ಸಿಬಿಸಿ (ರಕ್ತಕಣ ಎಣಿಸುವ ಟೆಸ್ಟ್) ಮಾಡಿದರು. ಡಾಕ್ಟರು ರಿಪೋರ್ಟಿನ ಮೊದಲ ಸಾಲು ನೋಡಿ, "10.4 ಇದೆ, ಐರನ್ ಕಮ್ಮಿ, ಮಾತ್ರೆಯಲ್ಲಿ ಆಗಲ್ಲ, ಡ್ರಿಪ್ ಹಾಕಿಬಿಡೋಣ" ಅಂದರು. ಫೆರಿಟಿನ್ ಟೆಸ್ಟ್ ಇಲ್ಲ, ಏನೂ ಇಲ್ಲ. ಮೈಯಲ್ಲಿ ಐರನ್ ಎಷ್ಟಿದೆ ಅಂತ ನೋಡದೆ ಐರನ್ ಕಮ್ಮಿ ಅಂದದ್ದು ಹೇಗೆ? ಕೌಂಟರಿನಲ್ಲಿ ಪ್ಯಾಕೇಜ್ ರೆಡಿ: ಡ್ರಿಪ್, ಡಯಟ್ ಚಾರ್ಟ್, ಜೊತೆಗೆ ಒಂದು ಡಬ್ಬ ಪ್ರೋಟೀನ್ ಪುಡಿ. ಹಣ ಪೂರ್ತಿ ಮುಂಗಡ.

ಡ್ರಿಪ್ ಎಲ್ಲ ಮುಗಿದ ಮೇಲೂ ಹಿಮೋಗ್ಲೋಬಿನ್ 10.5. "ಕೆಲವರ ಬಾಡಿ ನಿಧಾನ, ಇನ್ನೊಂದು ಕೋರ್ಸ್ ತಗೊಳ್ಳಿ" ಅಂದರು.

ಆಮೇಲೆ ಹೋದದ್ದು ನಿಜವಾದ ಹೆಮಟಾಲಜಿಸ್ಟ್ (ರಕ್ತದ ಕಾಯಿಲೆಗಳ ತಜ್ಞರು) ಹತ್ತಿರ. ಅವರು ಮೊದಲಿಗೆ ಹೊಸ ಟೆಸ್ಟ್ ಏನೂ ಕೇಳಲಿಲ್ಲ, ಅದೇ ಕ್ಲಿನಿಕ್ಕಿನ ಹಳೆಯ ರಿಪೋರ್ಟಿನಲ್ಲೇ ಎರಡು ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದರು. ಆರ್‌ಬಿಸಿ (ಕೆಂಪು ಕಣಗಳ ಸಂಖ್ಯೆ) 5.6, ಎಂಸಿವಿ (ಕಣದ ಸರಾಸರಿ ಗಾತ್ರ) 61. "ಎಂಸಿವಿನ ಆರ್‌ಬಿಸಿಯಿಂದ ಭಾಗಿಸಿ ನೋಡಿ." ಮೊಬೈಲಿನಲ್ಲಿ ಒತ್ತಿದೆ, 10.9. "13ಕ್ಕಿಂತ ಕಮ್ಮಿ ಬಂದರೆ ಥಲಸ್ಸೇಮಿಯಾ, ಅಂದರೆ ಅಪ್ಪ ಅಮ್ಮನಿಂದ ಬರುವ ಹಿಮೋಗ್ಲೋಬಿನ್ ದೋಷದ ಅನುಮಾನ ಪಡಬೇಕು. ಐರನ್ ಕೊರತೆಯಲ್ಲಿ ಸಾಮಾನ್ಯವಾಗಿ ಕೆಂಪು ಕಣಗಳೂ ಕಮ್ಮಿ ಇರುತ್ತವೆ. ಇವರಿಗೆ ಕಣ ಜಾಸ್ತಿ, ಗಾತ್ರ ಮಾತ್ರ ಸಣ್ಣದು." ಮೆಂಟ್ಜರ್ ಇಂಡೆಕ್ಸ್ ಅಂತೆ, 1973ರಿಂದ ಇರುವ ಲೆಕ್ಕ. ಒಂದು ಭಾಗಾಕಾರ! ಅಷ್ಟು ದುಡ್ಡು ಕಿತ್ತ ಸ್ಪೆಷಲಿಸ್ಟಿಗೆ ಅದನ್ನು ಮಾಡಲು ಆಗಲಿಲ್ಲ. ತಂಗಿ ಪಕ್ಕದಲ್ಲೇ ಕೂತಿದ್ದಳು, ನನಗೆ ಮುಖ ಎತ್ತಲಾಗಲಿಲ್ಲ.

ಖಚಿತಪಡಿಸಿಕೊಳ್ಳಲು ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಅಳೆಯುವ ಟೆಸ್ಟ್) ಮಾಡಿಸಿದೆವು, ಅದರಲ್ಲಿ ಎಚ್‌ಬಿ ಎ2 ಎಂಬ ಬಗೆ ಶೇ. 5.2 ಬಂತು. 3.5 ದಾಟಬಾರದಂತೆ. ಬೀಟಾ ಥಲಸ್ಸೇಮಿಯಾ ಮೈನರ್, ಅಂದರೆ ಇದರ ಸೌಮ್ಯ ರೂಪ. ಹುಟ್ಟಿನಿಂದಲೇ ಬಂದದ್ದು, ಚಿಕಿತ್ಸೆಯೇ ಬೇಕಿಲ್ಲ. ಐರನ್ ಸುರಿದರೆ ಇದು ಸರಿಹೋಗುವುದೂ ಇಲ್ಲ. ಹೆಚ್ಚಾದ ಐರನ್ ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ, ಸುಮ್ನೆ ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ.

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಮದುವೆಯಾಗುವ ಹುಡುಗನಿಗೂ ಮೈನರ್ ಇದ್ದರೆ ಪ್ರತಿ ಬಸಿರಲ್ಲೂ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವ ಸಾಧ್ಯತೆ ಶೇ. 25. ಆ ಮಗುವಿಗೆ ಜೀವನವಿಡೀ ರಕ್ತ ಕೊಡಿಸುತ್ತಿರಬೇಕು. ಕ್ಲಿನಿಕ್ಕಿನವರಿಗೆ ಮದುವೆ ವಿಷಯ ಗೊತ್ತಿತ್ತು. ನಾವೇ ಹೇಳಿದ್ದೆವು. (ಹುಡುಗನ ಟೆಸ್ಟ್ ಮಾಡಿಸಿದೆವು, ಇಲ್ಲ. ಬದುಕಿದೆವು.)

ವಾಪಸ್ ಹೋಗಿ ಕೇಳಿದೆ. ಅವರ ಉತ್ತರ ಕೇಳಿ.

"ಐರನ್ ಹಾಕಿದ್ರೆ ನಷ್ಟ ಏನಿಲ್ಲ ಬಿಡಿ ಸರ್."

"ಥಲಸ್ಸೇಮಿಯಾ ಸಿಂಧಿಗಳಿಗೆ ಬರೋದು, ನಿಮಗೆಲ್ಲಿಂದ ಬರುತ್ತೆ?" ರಿಪೋರ್ಟ್ ಮೇಜಿನ ಮೇಲೇ ಇದೆ, ಆಗಲೂ ಈ ಮಾತು!

"ಆ ಟೆಸ್ಟ್ ನಮ್ಮ ಪ್ಯಾಕೇಜಲ್ಲಿ ಬರಲ್ಲ."

ಡಾಕ್ಟರು ಡಿಎಂ ಹೆಮಟಾಲಜಿ (ರಕ್ತದ ಕಾಯಿಲೆಗಳ ಉನ್ನತ ಡಿಗ್ರಿ) ಮಾಡಿದ್ದಾರಾ ಅಂತ ಕೇಳಿದ್ದಕ್ಕೆ ರಿಸೆಪ್ಷನ್ ಹುಡುಗಿ, "ಸರ್‌ಗೆ ತುಂಬಾ ಎಕ್ಸ್‌ಪೀರಿಯನ್ಸ್ ಇದೆ" ಅಂದಳು. ಅಂದರೆ ಇಲ್ಲ ಅಂತ ಅಲ್ವಾ?

ಬೋರ್ಡ್ ನೋಡಬೇಡಿ, ಹೆಸರಿನ ಮುಂದಿನ ಡಿಗ್ರಿ ನೋಡಿ. ಫೆರಿಟಿನ್ ನೋಡದೆ ಡ್ರಿಪ್ ಅಂದರೆ ಎದ್ದು ಬನ್ನಿ. ಮಾತ್ರೆ ಸರಿಯಾಗಿ ನುಂಗಿಯೂ ವರ್ಷಗಟ್ಟಲೆ ಏರದಿದ್ದರೆ ಎಚ್‌ಪಿಎಲ್‌ಸಿ ಮಾಡಿಸಿ, ಮದುವೆ ಮಾತುಕತೆ ನಡೆದಿದ್ದರೆ ಖಂಡಿತ ಮಾಡಿಸಿ. ಬಿಲ್ಲು, ರಿಪೋರ್ಟು ಬಿಸಾಡಬೇಡಿ. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗಿರುವ ಕರ್ನಾಟಕದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೆ ದೂರು ಕೊಡಬಹುದು, ನಾನು ಕೊಟ್ಟಿರುವುದು ಅಲ್ಲಿಗೇ. ಆ ಪ್ರೋಟೀನ್ ಡಬ್ಬ ಸೀಲ್ ಒಡೆಯದೆ ಹಾಗೇ ಇದೆ, ಅದನ್ನೂ ವಾಪಸ್ ತಗೊಳ್ಳಲ್ವಂತೆ.