ಹಿಮ ನೋಡಲು ಮನಾಲಿಯೋ ಗುಲ್ಮಾರ್ಗೋ? ನನ್ನ ವೋಟು ಗುಲ್ಮಾರ್ಗ್‌ಗೆ

ಮೊದಲೇ ಹೇಳಿಬಿಡುತ್ತೇನೆ, ಕಾಶ್ಮೀರದ ಗುಲ್ಮಾರ್ಗ್. ಮನೆಮಂದಿ, ಹಳೇ ದೋಸ್ತರು ಎಲ್ಲ ಸೇರಿ ಹಿಮ ನೋಡಬೇಕು ಅಂತ ಹೊರಟರೆ, ದುಡ್ಡು ಜಾಸ್ತಿ ಹೋದರೂ ಅಲ್ಲಿಗೇ ಹೋಗಿ. ಹಿಮಾಚಲದ ಮನಾಲಿ ಕೆಟ್ಟ ಜಾಗ ಅಂತಲ್ಲ. ಆದರೆ ಮನಾಲಿಯಲ್ಲಿ ನಾವು ಹಿಮಕ್ಕಿಂತ ಮುಂದಿನ ಗಾಡಿಯ ನಂಬರ್ ಪ್ಲೇಟನ್ನೇ ಹೆಚ್ಚು ಹೊತ್ತು ನೋಡಿದೆವು.

ನಮ್ಮ ಗುಂಪು ಹೇಗಿದೆ ಅಂತ ಹೇಳಿದರೆ ಈ ಹೋಲಿಕೆ ನಿಮಗೆ ಉಪಯೋಗವೋ ಅಲ್ಲವೋ ಗೊತ್ತಾಗುತ್ತದೆ. ಧಾರವಾಡದಲ್ಲಿ ಪಿಯುಸಿ ಒಟ್ಟಿಗೆ ಓದಿದವರು ನಾವು. ಈಗ ಒಬ್ಬ ಗದಗಿನಲ್ಲಿ, ಒಬ್ಬ ಹಾವೇರಿಯಲ್ಲಿ, ಉಳಿದವರು ಹುಬ್ಬಳ್ಳಿಯಲ್ಲೇ. ತಿಂಗಳಿಗಿಷ್ಟು ಅಂತ ಭಿಶಿ ಹಾಕುತ್ತೇವೆ. ಆ ದುಡ್ಡನ್ನು ಪ್ರವಾಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವ ಹಾಗಿಲ್ಲ. ಹೆಂಡತಿ, ಮಕ್ಕಳು, ಜೊತೆಗೆ ಮಂಡಿನೋವಿನ ನಮ್ಮ ಅವ್ವ. ಒಟ್ಟಿನಲ್ಲಿ ಒಂದು ಟೆಂಪೋ ಟ್ರಾವೆಲರ್ ತುಂಬುವಷ್ಟು ಜನ. ಡಿಸೆಂಬರ್‌ನಲ್ಲಿ ಧಾರವಾಡದಲ್ಲಿ 14 ಡಿಗ್ರಿಗೆ ಇಳಿದರೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವ ಪೈಕಿ.

ಉತ್ತರಾಖಂಡದ ಔಲಿಯ ಹೆಸರೂ ಒಮ್ಮೆ ಬಂದಿತ್ತು. ಜೋಶಿಮಠದಲ್ಲಿ ನೆಲ ಕುಸಿಯತೊಡಗಿದ ಮೇಲೆ, 2023ರ ಜನವರಿಯಲ್ಲಿ ಅಲ್ಲಿಂದ ಔಲಿಗೆ ಹತ್ತುವ ರೋಪ್‌ವೇ ನಿಲ್ಲಿಸಿದರು. ಅವ್ವನನ್ನು ಕೂರಿಸಿಕೊಂಡು ಡೆಹ್ರಾಡೂನಿನಿಂದ ದಿನವಿಡೀ ಘಾಟಿ ರಸ್ತೆ ಸುತ್ತುವವರು ಯಾರು? ಬಿಟ್ಟೆವು.

ಮನಾಲಿಗೆ ಹೋಗಿದ್ದು ವರ್ಷದ ಕೊನೆಯ ವಾರ. ಊರು ಚೆಂದ, ಅದರಲ್ಲಿ ಎರಡು ಮಾತಿಲ್ಲ. ದೇವದಾರು ಮರಗಳ ನಡುವೆ ಹಿಡಿಂಬೆಯ ಗುಡಿ ಇದೆ, 1553ರಲ್ಲಿ ಕಟ್ಟಿದ್ದು, ಬಾಗಿಲು, ಛಾವಣಿ ಎಲ್ಲ ಮರದ ಕೆಲಸ. ಅವ್ವ ಅಲ್ಲಿಂದ ಏಳಲೇ ಒಲ್ಲೆ ಅಂದಳು. ಆದರೆ ನಾವು ಹೋಗಿದ್ದು ಹಿಮಕ್ಕೆ.

ತಕರಾರು ಶುರುವಾಗುವುದು ಅಲ್ಲೇ. ಮನಾಲಿ ಊರು ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಗುಲ್ಮಾರ್ಗ್ ಸುಮಾರು 2,650. ನಡುವಿನ 600 ಮೀಟರ್ ಕಾಗದದ ಮೇಲೆ ಏನೂ ಅನ್ನಿಸುವುದಿಲ್ಲ. ಅಲ್ಲಿ ಹೋದಾಗ ಗೊತ್ತಾಗುತ್ತದೆ. ಡಿಸೆಂಬರ್ ಕೊನೆಯಲ್ಲೂ ಮನಾಲಿ ಪೇಟೆಯಲ್ಲಿ ಎಷ್ಟೋ ಸಲ ಹಿಮವೇ ಇರುವುದಿಲ್ಲ. ಹಿಮ ಬೇಕೆಂದರೆ ಮೇಲಿನ ಸೋಲಂಗ್ ಕಣಿವೆಗೆ ಹೋಗಬೇಕು. ಇಲ್ಲವೆಂದರೆ 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್ ಕಡೆಯ ಸಿಸ್ಸುಗೆ. ರೋಹ್ತಾಂಗ್ ಪಾಸ್ ಚಳಿಗಾಲದಲ್ಲಿ ಬಂದ್. ಹೀಗಾಗಿ ಊರಲ್ಲಿ ಇಳಿದುಕೊಂಡ ಅಷ್ಟೂ ಜನ ಬೆಳಿಗ್ಗೆ ಎದ್ದು ಒಂದೇ ರಸ್ತೆ ಹಿಡಿಯುತ್ತಾರೆ. ಸೋಲಂಗ್ ಬರೀ 13-14 ಕಿ.ಮೀ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇದಕ್ಕಿಂತ ದೂರ, ದಿನಾ ಆಫೀಸಿಗೆ ಹೋಗಿ ಬರುತ್ತೇವೆ. ಅಲ್ಲಿ ಅಷ್ಟಕ್ಕೇ ಅರ್ಧ ದಿನ ಹೋಯಿತು.

ಹೇಗೆ ಅಂತ ಹೇಳುತ್ತೇನೆ ಕೇಳಿ. ಹಿಂದಿನ ರಾತ್ರಿ ಮೇಲೆ ಹಿಮ ಬಿದ್ದಿತ್ತು. ನಮಗೆಲ್ಲ ಖುಷಿಯೋ ಖುಷಿ. ಹಿಮ ಬಿದ್ದ ದಿನ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇರುವ ಫೋರ್ ಬೈ ಫೋರ್ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆ, ಉಳಿದವನ್ನು ನೆಹರು ಕುಂಡ್ ಹತ್ತಿರ ನಿಲ್ಲಿಸುತ್ತಾರೆ. ಅದು ಸರಿಯಾದ ನಿಯಮವೇ. ಜಾರುವ ರಸ್ತೆಯಲ್ಲಿ ಟೆಂಪೋ ಟ್ರಾವೆಲರ್ ಹತ್ತಿಸುವುದು ಹುಚ್ಚುತನ. ಆದರೆ ಪ್ಯಾಕೇಜ್ ಮಾರಿದವನು ಇದರ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಅಲ್ಲಿಂದ ಮುಂದಕ್ಕೆ ಬೇರೆ ಜೀಪು, ಬೇರೆ ದುಡ್ಡು. ರಸ್ತೆ ಬದಿಯಲ್ಲಿ ನಿಂತು, ನೂರಾರು ಜನ ಅದೇ ಜೀಪಿಗೆ ಕೈ ಚಾಚುತ್ತಿರುವಾಗ ಚೌಕಾಸಿ ಮಾಡಿ ನೋಡಿ, ಯಾರು ಗೆಲ್ಲುತ್ತಾರೆ ಅಂತ.

ಮೂರು ಜೀಪಿನಲ್ಲಿ ಹಂಚಿಹೋದೆವು. ಮಕ್ಕಳು ಒಂದರಲ್ಲಿ, ಅವರ ಸ್ವೆಟರ್ ಚೀಲ ಇನ್ನೊಂದರಲ್ಲಿ, ರೊಟ್ಟಿಯ ಡಬ್ಬಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಜೀಪು ನಿಂತಿತು. ನಿಂತೇಬಿಟ್ಟಿತು. ಮೇಲಿನಿಂದ ಇಳಿಯುವವು, ಕೆಳಗಿನಿಂದ ಹತ್ತುವವು, ನಡುವೆ ಒಂದು ಕಾರು ಅಡ್ಡ ಜಾರಿ ನಿಂತಿದೆ. ಎಂಜಿನ್ ಆಫ್ ಮಾಡಿದರೆ ಚಳಿ, ಆನ್ ಇಟ್ಟರೆ ಹೊಗೆ. ಅವ್ವನಿಗೆ ಶೌಚಕ್ಕೆ ಹೋಗಬೇಕಾಯಿತು. ಒಂದು ಕಡೆ ಗುಡ್ಡ, ಒಂದು ಕಡೆ ಕಣಿವೆ, ಹಿಂದೆ ಮುಂದೆ ಗಾಡಿಯ ಸಾಲು. ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು? "ಇಲ್ಲೇ ಇಳಿಸ್ರೋ ನನ್ನ, ನಡಕೋತ ವಾಪಸ್ ಹೋಗ್ತೀನಿ" ಅಂತ ಅವ್ವ ಅಂದಾಗ ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಕೊನೆಗೆ ರಸ್ತೆ ಬದಿಯ ಬಾಡಿಗೆ ಡ್ರೆಸ್ ಅಂಗಡಿಯ ಹೆಣ್ಣುಮಗಳು ತಮ್ಮ ಮನೆಗೆ ಕರೆದುಕೊಂಡು ಹೋದರು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ.

ಆ ಡ್ರೆಸ್ ಅಂಗಡಿಗಳದ್ದೂ ಒಂದು ಕಥೆ ಇದೆ. ರಸ್ತೆಯುದ್ದಕ್ಕೂ ನಂಬರ್ ಬರೆದ ಅಂಗಡಿಗಳು. ಗಾಡಿ ನಿಲ್ಲುವುದು ಡ್ರೈವರ್ ಹೇಳಿದ ನಂಬರಿನ ಮುಂದೆಯೇ. ಹಿಂದಿನವರು ಬಿಚ್ಚಿಕೊಟ್ಟ ಸೂಟು, ಒಳಗೆ ಒದ್ದೆ ಇರುವ ಗಂಬೂಟು. ಹಾಕಿಕೊಂಡೆವು, ಇನ್ನೇನು ಮಾಡುವುದು.

ಸೋಲಂಗ್ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಸಾವಿರಾರು ಜನ ತುಳಿದ ಹಿಮ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ಟ್ಯೂಬಿನಲ್ಲಿ ಜಾರಿದರು, ಒಂದು ಯಾಕ್ ಜೊತೆ ಫೋಟೋ ಆಯಿತು. ಅಷ್ಟರಲ್ಲಿ ಡ್ರೈವರ್ ಕರೆಯತೊಡಗಿದ, ಈಗ ಹೊರಡದಿದ್ದರೆ ಇಳಿಯುವ ಜಾಮಿನಲ್ಲಿ ರಾತ್ರಿ ಆಗುತ್ತದೆ ಅಂತ.

ನಸುಕಿನಲ್ಲೇ ಹೊರಟರೆ ಈ ರಗಳೆ ಇಲ್ಲ ಅಂತ ತಿಳಿದವರು ಹೇಳುತ್ತಾರೆ. ನಿಜ. ಬೆಳಿಗ್ಗೆ ಬೇಗ ಸುರಂಗ ದಾಟಿ ಸಿಸ್ಸು ಮುಟ್ಟಿದವರ ಫೋಟೋ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ಆದರೆ ನಮ್ಮ ಗುಂಪಿನಲ್ಲಿ ಒಂದು ಚಹಾ, ಸ್ನಾನ, ಮತ್ತೊಂದು ಚಹಾ ಆಗದೆ ಯಾರೂ ಹೊಸ್ತಿಲು ದಾಟುವುದಿಲ್ಲ. ನಾಲ್ಕು ಮನೆಯ ಜನರನ್ನು ಐದು ಗಂಟೆಗೆ ಎಬ್ಬಿಸುವ ತಾಕತ್ತು ನಿಮಗಿದ್ದರೆ ಮನಾಲಿ ನಿಮಗೆ ಒಲಿಯಬಹುದು.

ಈಗ ಗುಲ್ಮಾರ್ಗ್. ಇಲ್ಲಿಯೂ ಗಾಡಿ ಬದಲಿಸುವ ಕೆಲಸ ಇದೆ, ಇಲ್ಲ ಅಂತಲ್ಲ. ಶ್ರೀನಗರದಿಂದ ಸುಮಾರು 50 ಕಿ.ಮೀ. ದಾರಿ. ಗುಲ್ಮಾರ್ಗ್‌ಗೆ 13 ಕಿ.ಮೀ. ಮೊದಲು ತಂಗ್‌ಮರ್ಗ್ ಅಂತ ಊರು ಬರುತ್ತದೆ. ಹಿಮ ಇದ್ದಾಗ ಅಲ್ಲಿಂದ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ಆದರೆ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಅಷ್ಟೇ. ಮೇಲೆ ಹೋಗಿ ಚೀಲ ಇಳಿಸಿದ ಮೇಲೆ ಗಾಡಿಯ ಹಂಗೇ ಇಲ್ಲ. ಹೋಟೆಲಿನ ಬಾಗಿಲು ತೆಗೆದರೆ ಮೊಣಕಾಲುದ್ದ ಹಿಮ. ಮಕ್ಕಳು ಹಲ್ಲುಜ್ಜುವ ಮೊದಲೇ ಹೊರಗೆ. ಅವ್ವ ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡು, ಶಾಲು ಹೊದ್ದು, ಕುಳಿತಲ್ಲಿಂದಲೇ ಎಲ್ಲ ನೋಡಿದಳು. ಮಂಡಿನೋವಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಹಿಮ ಎಲ್ಲಿ ಬೀಳುತ್ತದೋ ಅಲ್ಲೇ ಮಲಗಬೇಕು. ದಿನಾ ಹಿಮಕ್ಕೆ ಹೋಗಿ ಬರುವುದು ಬೇಡ.

ಸಂಜೆ ಆರೂವರೆ ಏಳಕ್ಕೆಲ್ಲ ಕತ್ತಲು. ಅಲ್ಲಿ ಮಾಲ್ ರೋಡ್ ಇಲ್ಲ, ಶಾಪಿಂಗ್ ಇಲ್ಲ. ಬೇಜಾರಾಗುತ್ತದೆ ಅಂತ ಹೆದರಿದ್ದೆವು. ಆದದ್ದು ಉಲ್ಟಾ. ಮನಾಲಿಯಲ್ಲಿ ಸಂಜೆಯಾದರೆ ಒಬ್ಬರು ಶಾಲಿನ ಅಂಗಡಿಗೆ, ಒಬ್ಬರು ಮೊಮೊ ತಿನ್ನಲು, ಮಕ್ಕಳು ಮೊಬೈಲಿಗೆ. ಗುಲ್ಮಾರ್ಗ್‌ನಲ್ಲಿ ಎಲ್ಲಿಗೆ ಹೋಗುವುದು? ಹಾಲ್‌ನಲ್ಲಿ ಬುಖಾರಿ ಇತ್ತು, ಕಟ್ಟಿಗೆ ಉರಿಯುವ ಕಬ್ಬಿಣದ ಒಲೆ. ಅದರ ಸುತ್ತ ಎಲ್ಲರೂ. ಪಿಯುಸಿಯಲ್ಲಿ ಕರ್ನಾಟಕ ಕಾಲೇಜಿನ ದಾರಿಯಲ್ಲಿ ಸೈಕಲ್ ಪಂಕ್ಚರ್ ಆದ ಕಥೆಯಿಂದ ಹಿಡಿದು ಯಾರ ಸಾಲ ಯಾರು ತೀರಿಸಿಲ್ಲ ಅನ್ನುವವರೆಗೆ ಎಲ್ಲ ಹೊರಬಂತು. ಹೋಟೆಲಿನ ಹುಡುಗನೊಬ್ಬ ಫಿರನ್ ಅನ್ನುವ ಉದ್ದ ನಿಲುವಂಗಿಯ ಒಳಗೆ ಕಾಂಗಡಿ ಹಿಡಿದು ಬಂದ. ಬಿದಿರಿನಂಥ ಕಡ್ಡಿಯ ಬುಟ್ಟಿ, ಒಳಗೆ ಮಣ್ಣಿನ ಪಾತ್ರೆ, ಅದರಲ್ಲಿ ಕೆಂಡ. ನಮ್ಮ ಗದಗಿನವನು ಅದನ್ನು ಇಸಿದುಕೊಂಡು ಹೊಟ್ಟೆಗೆ ಒತ್ತಿಕೊಂಡವನು ಮಲಗುವವರೆಗೂ ವಾಪಸ್ ಕೊಡಲಿಲ್ಲ. ಹಳೇ ದೋಸ್ತರು ಅಂತ ಕೂಡಿ ಹೋಗುವುದು ಇದಕ್ಕೇ ಅಲ್ವಾ?

ಹಾಸಿಗೆಗೆ ಎಲೆಕ್ಟ್ರಿಕ್ ಬ್ಲಾಂಕೆಟ್ ಇತ್ತು. ಮನಾಲಿಯಲ್ಲಿ ರೂಮ್ ಹೀಟರಿಗೆ ರಾತ್ರಿಯ ಲೆಕ್ಕದಲ್ಲಿ ಬೇರೆ ದುಡ್ಡು ತೆಗೆದುಕೊಂಡಿದ್ದರು.

ಗುಲ್ಮಾರ್ಗ್‌ನಲ್ಲಿ ಕಿರಿಕಿರಿ ಇಲ್ಲವೇ? ಇದೆ. ಹೊರಗಿನ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಗುಂಪಿನಲ್ಲಿ ಇಬ್ಬರ ಹತ್ತಿರವಾದರೂ ಇರಲಿ. ಗೊಂಡೋಲಾ ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರು, ಅದರ ಟಿಕೆಟ್ ಆನ್‌ಲೈನಿನಲ್ಲಿ ಮುಂಚೆಯೇ ತೆಗೆಯಬೇಕು, ಅಲ್ಲಿಗೆ ಹೋಗಿ ನೋಡೋಣ ಅಂದರೆ ಸಿಗುವುದಿಲ್ಲ. ಅದರಲ್ಲಿ ಎರಡು ಹಂತ. ಮೊದಲನೆಯದು ಕೊಂಗ್‌ಡೂರಿವರೆಗೆ. ಎರಡನೆಯದು ಅಫರ್ವತ್ ಬೆಟ್ಟದ ಮೇಲೆ, ಸುಮಾರು 3,950 ಮೀಟರ್. ಗಾಳಿ ಜೋರಿದ್ದರೆ ಎರಡನೆಯದು ನಿಲ್ಲುತ್ತದೆ. ನಮಗೂ ನಿಂತಿತು. ಬಿಪಿ, ಹೃದಯದ ತೊಂದರೆ ಇರುವವರು ಮೊದಲ ಹಂತಕ್ಕೇ ಸಾಕು ಅನ್ನುವುದು ಒಳ್ಳೆಯದು. ಇನ್ನು ಸ್ಲೆಡ್ಜ್, ಅಂದರೆ ಹಿಮದ ಮೇಲೆ ಜಾರುವ ಮರದ ಗಾಡಿ, ಎಳೆಯುವವರು. ಬೆನ್ನು ಬಿಡುವುದಿಲ್ಲ. ಹಾವೇರಿಯ ದೋಸ್ತ ತೂಕದ ಆಸಾಮಿ. ಒಬ್ಬ ಸಣಕಲು ಮುದುಕ ತನ್ನನ್ನು ಎಳೆಯುವುದು ನೋಡಲಾರದೆ ಅರ್ಧ ದಾರಿಗೇ ಇಳಿದ. ಪೂರ್ತಿ ದುಡ್ಡು ಕೊಟ್ಟು ಅವರ ಜೊತೆ ನಡೆದುಕೊಂಡೇ ಬಂದ.

ಊಟದಲ್ಲಿ ಮನಾಲಿ ಒಂದು ಕೈ ಮೇಲು. ಬೀದಿಗೊಂದು ಪಂಜಾಬಿ ಢಾಬಾ, ಸಸ್ಯಾಹಾರಿಗಳಿಗೆ ಚಿಂತೆಯೇ ಇಲ್ಲ. ಗುಲ್ಮಾರ್ಗ್‌ನಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆ, ಆದರೆ ಹೊತ್ತು ಹೊತ್ತಿಗೆ ಅದೇ ರಾಜ್ಮಾ, ಅದೇ ಪನೀರ್. ಕೇಳಿದರೆ ಹಾಕ್ ಸೊಪ್ಪಿನ ಪಲ್ಯ ಮಾಡಿಕೊಡುತ್ತಾರೆ, ಅದು ರುಚಿ. ನಮ್ಮನ್ನು ಕಾಪಾಡಿದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ರಾಜ್ಮಾಗೆ ಮುರಿದು ಹಾಕಿದರೆ ಮೆತ್ತಗೂ ಆಗುತ್ತದೆ. ಕಹವಾ ಅನ್ನುವ ಕಾಶ್ಮೀರಿ ಚಹಾ ಎಲ್ಲರಿಗೂ ಹಿಡಿಸಿತು. ಗುಲಾಬಿ ಬಣ್ಣದ ನೂನ್ ಚಾಯ್ ಮಾತ್ರ ನಮ್ಮವರು ಸಿಹಿ ಅಂದುಕೊಂಡು ಬಾಯಿಗಿಟ್ಟರು. ಅದು ಉಪ್ಪಿನ ಚಹಾ.

ಬಟ್ಟೆಗೆ ದುಡ್ಡು ಸುರಿಯಬೇಡಿ. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅಲ್ಲೇ ಟೊಪ್ಪಿಗೆ, ಕೈಗವಸು, ಉಣ್ಣೆ ಕಾಲುಚೀಲ ಎಲ್ಲ ಆಗುತ್ತದೆ. ಗಂಬೂಟು ಅಲ್ಲಿ ಬಾಡಿಗೆಗೆ. ಕೊಬ್ಬರಿ ಎಣ್ಣೆ ಒಯ್ಯಬೇಡಿ, ಕಲ್ಲಾಗುತ್ತದೆ. ವ್ಯಾಸಲೀನ್ ಒಯ್ಯಿರಿ. ಬಿಸಿಲು ಬಿದ್ದಾಗ ಹಿಮ ಕಣ್ಣು ಕುಕ್ಕುತ್ತದೆ, ಕೂಲಿಂಗ್ ಗ್ಲಾಸ್ ಶೋಕಿಗಲ್ಲ.

ಯಾವಾಗ ಹೋಗುವುದು? ಕಾಶ್ಮೀರದಲ್ಲಿ ಕಡುಚಳಿಯ 40 ದಿನಗಳಿಗೆ ಚಿಲ್ಲೈ ಕಲಾನ್ ಅನ್ನುತ್ತಾರೆ, ಡಿಸೆಂಬರ್ 21ಕ್ಕೆ ಶುರು. ಆಗ ಹಿಮ ಗ್ಯಾರಂಟಿ ಅಂದುಕೊಳ್ಳಬೇಡಿ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿ ಬೋಳಾಗಿತ್ತು, 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಫೆಬ್ರುವರಿಯಿಂದ ಮಾರ್ಚ್‌ಗೆ ತಳ್ಳಿದರು. ನಾವು ಫೆಬ್ರುವರಿಯಲ್ಲಿ ಹೋಗಿದ್ದೆವು, ನಮ್ಮ ಅದೃಷ್ಟಕ್ಕೆ ಆಗ ಹಿಮ ಭರ್ತಿ ಇತ್ತು. ತೊಂದರೆ ಅಂದರೆ ನಮ್ಮ ಶಾಲೆಗಳ ದೊಡ್ಡ ರಜೆ ದಸರಾಕ್ಕೆ ಮತ್ತು ಬೇಸಿಗೆಗೆ. ಮಕ್ಕಳಿಗೆ ಶಾಲೆ ತಪ್ಪಿಸಲೇಬೇಕು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಸೆಕೆಂಡ್ ಪಿಯುಸಿ ಇದ್ದರೆ ಆ ವರ್ಷ ಈ ಮಾತೇ ಎತ್ತಬೇಡಿ.

ಒಂದು ಮಾತು ಹೇಳದಿದ್ದರೆ ಸರಿಯಲ್ಲ. ನಾವು ಹೋಗಿ ಬಂದದ್ದು 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಗಿಂತ ಮೊದಲು. ಅಲ್ಲಿ ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆಮೇಲೆ ಎಷ್ಟೋ ಮನೆಯಲ್ಲಿ ಕಾಶ್ಮೀರದ ಹೆಸರು ಎತ್ತಿದರೆ ಹಿರಿಯರು ಬೇಡ ಅನ್ನುತ್ತಾರೆ. ಅವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಬೇಡಿ. ಹೆದರಿಕೊಂಡು ಕುಳಿತವರಿಗೆ ಯಾವ ಹಿಮವೂ ಚೆಂದ ಕಾಣುವುದಿಲ್ಲ. ಅಂಥವರು ಮನಾಲಿಗೇ ಹೋಗಲಿ, ವರ್ಷದ ಕೊನೆಯ ವಾರ ಒಂದು ಬಿಟ್ಟು.

ಖರ್ಚು ನೇರವಾಗಿ ಹೇಳುತ್ತೇನೆ. ಒಬ್ಬರಿಗೆ ಮನಾಲಿಗೆ ಆದದ್ದರ ಒಂದೂವರೆ ಪಟ್ಟು ಗುಲ್ಮಾರ್ಗ್‌ಗೆ ಆಯಿತು. ಎರಡಕ್ಕೂ ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ. ಮುಂದೆ ಮನಾಲಿಗೆ ರಾತ್ರಿ ವೋಲ್ವೋ, 12-14 ಗಂಟೆ, ಅವ್ವನ ಕಾಲು ಬಾತುಕೊಂಡಿತು. ಶ್ರೀನಗರಕ್ಕೆ ಇನ್ನೊಂದು ವಿಮಾನ, ಒಂದೂವರೆ ಗಂಟೆ. ಹೆಚ್ಚಿನ ದುಡ್ಡು ಹೋಗಿದ್ದು ಇಲ್ಲಿ, ಮತ್ತು ಹೋಟೆಲಿಗೆ. ಗುಲ್ಮಾರ್ಗ್‌ನಲ್ಲಿ ಹೋಟೆಲುಗಳೇ ಕಡಿಮೆ, ಅದಕ್ಕೆ ದರ ಜೋರು. ಅಷ್ಟು ಆಗದಿದ್ದರೆ ಒಂದು ಉಪಾಯ ಇದೆ. ಗುಲ್ಮಾರ್ಗ್‌ನಲ್ಲಿ ಎರಡು ರಾತ್ರಿ ಮಾತ್ರ ಇರಿ, ಉಳಿದದ್ದು ಶ್ರೀನಗರದಲ್ಲಿ, ಅಲ್ಲಿ ಸೋವಿ. ಆದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ಯಾಕೇಜ್ ಮಾತ್ರ ಒಪ್ಪಬೇಡಿ, ಅದು ಮನಾಲಿಯ ಕಥೆಯೇ ಆಗುತ್ತದೆ. ವಾಪಸ್ ಬರುವಾಗ ಶ್ರೀನಗರಕ್ಕೂ ದೆಹಲಿಗೂ ನಡುವೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಶ್ರೀನಗರದಲ್ಲಿ ಹಿಮ, ದೆಹಲಿಯಲ್ಲಿ ಮಂಜು, ಯಾವ ವಿಮಾನ ಯಾವಾಗ ರದ್ದಾಗುತ್ತದೋ ಹೇಳಲಾಗದು. ಹುಬ್ಬಳ್ಳಿಯ ವಿಮಾನ ತಪ್ಪಿದರೆ ಬೆಂಗಳೂರಿಗೆ ಇಳಿದು ರಾತ್ರಿ ಬಸ್ಸು ಹಿಡಿಯಬೇಕಾಗುತ್ತದೆ, ಚೀಲಗಳ ಸಮೇತ.