ನೆಲದಡಿಯ ಪೈಪ್ ತೋರಿಸುವ ಎಆರ್ ಆ್ಯಪ್: ವರ್ಷ ದಾಟಿದ ಮೇಲೆ ನನ್ನ ಅಭಿಪ್ರಾಯ

ದಾವಣಗೆರೆಯಲ್ಲಿ ಯುಜಿಡಿ (ಒಳಚರಂಡಿ), ನೀರಿನ ಲೈನ್ ಕೆಲಸ ಮಾಡಿಸುತ್ತೇನೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ಎಲ್ಲಿ ಅಗೆದರೂ ಒಂದಲ್ಲ ಒಂದು ಕೇಬಲ್ ಸಿಗುತ್ತದೆ. ಅದಕ್ಕೇ ಈ ಆ್ಯಪ್ ತಗೊಂಡೆ. ಲೈನ್‌ಗಳ ನಕ್ಷೆ ಹಾಕಿ ಟ್ಯಾಬ್ ಹಿಡಿದರೆ, ಕ್ಯಾಮೆರಾದಲ್ಲಿ ಕಾಣುವ ರಸ್ತೆಯ ಮೇಲೆಯೇ ನೀಲಿ, ಕೆಂಪು ಗೆರೆ ಮೂಡುತ್ತವೆ. ಇದಕ್ಕೇ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಅನ್ನೋದು.

ನನ್ನ ತಕರಾರು ಶುರುವಾಗುವುದೇ ಅಲ್ಲಿ. ಪೈಪು ಐದಡಿ ಕೆಳಗಿದ್ದರೂ ಗೆರೆ ಡಾಂಬರಿಗೆ ಬಣ್ಣ ಬಳಿದ ಹಾಗೆ ಕಾಣುತ್ತದೆ. ಮುಂದಿರುವ ವಸ್ತು ಹಿಂದಿನದನ್ನು ಮರೆಮಾಡಿದರೆ ತಾನೇ ಕಣ್ಣಿಗೆ ಆಳ ಗೊತ್ತಾಗೋದು? ಇಲ್ಲಿ ನೆಲ ಏನನ್ನೂ ಮುಚ್ಚುವುದಿಲ್ಲ. ಮೇಲಾಗಿ ಟ್ಯಾಬ್ ಪರದೆ ಎರಡೂ ಕಣ್ಣಿಗೆ ಒಂದೇ ಚಿತ್ರ ಕೊಡುತ್ತದೆ.

ಲೆಕ್ಕ ನೋಡಿ. ಟ್ಯಾಬ್ ನೆಲದಿಂದ 1.5 ಮೀಟರ್ ಮೇಲಿದೆ. ಪೈಪು 1.5 ಮೀಟರ್ ಆಳದಲ್ಲಿ, ನಿಮ್ಮಿಂದ 4 ಮೀಟರ್ ಆಚೆ ಇದೆ. ಟ್ಯಾಬ್‌ನಿಂದ ಪೈಪಿನ ಕಡೆಗಿನ ನೇರ ನೋಟ ಅರ್ಧ ದಾರಿಯಲ್ಲೇ ನೆಲ ದಾಟುವುದರಿಂದ, ಪರದೆಯಲ್ಲಿ ಗೆರೆ ಬೀಳುವುದು ಬರೀ 2 ಮೀಟರ್ ದೂರದ ಡಾಂಬರಿನ ಮೇಲೆ! ಹತ್ತಿರ ಹೋದರೆ ಅದು ಮುಂದೆ ಸರಿಯುತ್ತದೆ. ಹದಡಿ ರಸ್ತೆಯಲ್ಲಿ ನಮ್ಮ ಹುಡುಗ ಸುಣ್ಣದ ಪುಡಿ ಹಿಡಿದು ಅದರ ಹಿಂದೆ ಹೋಗುವುದನ್ನು ನೋಡಿ ಜೆಸಿಬಿ ಡ್ರೈವರ್, "ಏನ್ ಸಾರ್, ನಿಮ್ ಪೈಪು ಓಡಿ ಹೊಂಟೈತಲ್ಲ" ಅಂದ.

ಆಮೇಲೆ ಒಂದು ಅಪ್‌ಡೇಟ್‌ನಲ್ಲಿ ಗುಂಡಿ ತೋರಿಸುವ ಮೋಡ್ ಬಂತು. ದುಡ್ಡಿಗೆ ಬೆಲೆ ಬಂದಿದ್ದೇ ಇದರಿಂದ. ಪರದೆಯಲ್ಲಿ ರಸ್ತೆಯನ್ನು ಚೌಕಾಕಾರ ಕತ್ತರಿಸಿ ತೆಗೆದಂತೆ ಗುಂಡಿ ಕಾಣುತ್ತದೆ. ಗೋಡೆಯ ಮೇಲೆ ಅರ್ಧರ್ಧ ಮೀಟರಿಗೆ ಗುರುತು. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಗುಂಡಿಯ ಅಂಚು ಪೈಪನ್ನು ಮರೆಮಾಡುತ್ತದೆ, ಎದುರಿನ ಗೋಡೆ ತೆರೆದುಕೊಳ್ಳುತ್ತದೆ. ಪೈಪು ಕೆಳಗಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಪೈಪಿನಿಂದ ನೆಟ್ಟಗೆ ಮೇಲಕ್ಕೆ ಒಂದು ದಾರವೂ ಬರುತ್ತದೆ. ಅದು ನೆಲ ಮುಟ್ಟಿದ ಜಾಗಕ್ಕೇ ಸುಣ್ಣ ಹಾಕಬೇಕು.

ಆದ್ರೆ ಇದು ನೆಲದೊಳಗೆ ಇಣುಕುವ ಯಂತ್ರವಲ್ಲ, ದಾಖಲೆಯಲ್ಲಿ ಇದ್ದದ್ದನ್ನೇ ತೋರಿಸುತ್ತದೆ. ಹಳೇ ಲೈನ್‌ಗಳಿಗೆ ಎಷ್ಟೋ ಕಡೆ ಆಳದ ಕಾಲಂ ಖಾಲಿ. ಆಗ ಆ್ಯಪ್ ತನ್ನದೇ ಒಂದು ಅಂದಾಜಿನ ಆಳ ಹಾಕಿಕೊಳ್ಳುತ್ತದೆ, ಅದು ಅಂದಾಜು ಅಂತ ಎಲ್ಲೂ ಹೇಳುವುದಿಲ್ಲ. ನನಗೆ ಸಿಟ್ಟು ಬರೋದು ಇದಕ್ಕೇ. ಗೆರೆಯನ್ನು ಚುಕ್ಕಿ ಚುಕ್ಕಿ ಮಾಡಿ ತೋರಿಸಲು ಏನು ಕಷ್ಟ? ಡಾಂಬರಿನ ಮೇಲೆ ಡಾಂಬರು ಹಾಕಿ ಎತ್ತರವಾದ ರಸ್ತೆಯಲ್ಲಂತೂ ಹಳೇ ಆಳದ ಲೆಕ್ಕ ಇನ್ನೂ ತಪ್ಪುತ್ತದೆ.

ಜೊತೆಗೆ ಆರ್‌ಟಿಕೆ ರಿಸೀವರ್, ಅಂದ್ರೆ ಉಪಗ್ರಹ ಸಿಗ್ನಲ್‌ನ ತಪ್ಪು ತಿದ್ದಿ ಜಾಗವನ್ನು ನಿಖರವಾಗಿ ಹೇಳುವ ಸಾಧನ, ಬೇಕೇ ಬೇಕು. ಬರೀ ಫೋನ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ. ಬಯಲಲ್ಲಿ ಆರ್‌ಟಿಕೆ ಕೆಲವೇ ಸೆಂಟಿಮೀಟರಿಗೆ ಜಾಗ ಹಿಡಿಯುತ್ತದೆ, ಎತ್ತರದಲ್ಲಿ ತಪ್ಪು ಸ್ವಲ್ಪ ಜಾಸ್ತಿ. ಮಂಡಿಪೇಟೆಯ ಗಲ್ಲಿಗಳಲ್ಲಿ ಸಿಗ್ನಲ್ ಆಗಾಗ ಕೈಕೊಡುತ್ತದೆ. ನೆಲದೊಳಗೆ ರೇಡಿಯೊ ಅಲೆ ಕಳಿಸಿ ನೋಡುವ ರಾಡಾರ್ ತಂದು ನೋಡೋಣ ಅಂದ್ರೆ ಒದ್ದೆ ಎರೆಮಣ್ಣಿನಲ್ಲಿ ಅದೂ ಹೆಚ್ಚು ಆಳ ನೋಡಲ್ಲ.

ಚಂದಾ ಈ ವರ್ಷವೂ ಕಟ್ಟಿದ್ದೇನೆ. ಹುಡುಗರ ಟ್ಯಾಬ್‌ಗಳಲ್ಲಿ ಬರೀ ಗೆರೆ ತೋರಿಸುವ ಮೋಡ್ ಆಫ್ ಮಾಡಿಸಿದ್ದೇನೆ. ಸುಣ್ಣ ಹಾಕಿದ ಜಾಗದಲ್ಲಿ ಮೊದಲು ಸಲಿಕೆ, ಗುದ್ದಲಿಯಿಂದ ಗುಂಡಿ ತೆಗೆದು ಪೈಪು ಕಣ್ಣಾರೆ ನೋಡುತ್ತೇವೆ. ಜೆಸಿಬಿ ಬಕೆಟ್ ಇಳಿಯುವುದು ಆಮೇಲೆಯೇ.